ಸ್ವಲ್ಪ ಗ್ಯಾಸು, ಅಷ್ಟೇ

ಗಿರಿಜತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಮ್ಮ ಕೇರಿಯಲ್ಲಿ ಬೇರೆ ಮಾತೇ ಇಲ್ಲ. ಬೆಳಿಗ್ಗೆ ದಾಸವಾಳ ಕೊಯ್ಯಲು ಬೇಲಿಯ ಹತ್ತಿರ ಹೋದರೆ ಆಚೆ ಕಡೆಯಿಂದ ಸುಮಿತ್ರಕ್ಕ ಅದೇ ವಿಷಯ ಎತ್ತುತ್ತಾರೆ. ಸುಮಿತ್ರಕ್ಕ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವರು, ಸರ್ವೀಸಿನ ಬಹುಪಾಲನ್ನು ಕ್ಯಾಶುಯಲ್ಟಿಯಲ್ಲೇ ಕಳೆದವರು. ರಿಟೈರಾಗಿ ಊರಿಗೆ ಬಂದರೂ ಕೇರಿಯ ಅರ್ಧ ಜನಕ್ಕೆ ಅವರು ಈಗಲೂ ‘ಸಿಸ್ಟರ್’. ಯಾರಿಗೆ ತಲೆ ಸುತ್ತಿದರೂ ಮೊದಲು ನೆನಪಾಗುವುದು ಅವರ ಮನೆಯ ಬಿ.ಪಿ. ಮಿಷನ್ನು.

ಗಿರಿಜತ್ತೆಗೆ ಆದದ್ದು ಇಷ್ಟು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿದೆ. ದವಡೆ ಸೆಳೆತ, ಹೊಟ್ಟೆ ತೊಳಸು, ಮೈಯೆಲ್ಲ ಬೆವರು. ಎದೆನೋವು ಅನ್ನುವಂಥದ್ದು ಇರಲಿಲ್ಲ, ಏನೋ ಒಂಥರಾ ಭಾರ. ಎದ್ದು ಜೀರಿಗೆ ಕಷಾಯ ಮಾಡಿಕೊಂಡು ಕುಡಿದರು. ಆಮೇಲೆ ಇನೋ. ಆಮೇಲೆ ದೇವರ ಮನೆ ಒರೆಸಿದರು. ಆರು ಗಂಟೆಗೆ ಒಲೆಯ ಮುಂದೆ ಕೂತುಬಿಟ್ಟಾಗ ನಾರಾಯಣ ಮಾವ ನೋಡಿ ಸುಮಿತ್ರಕ್ಕನನ್ನು ಕೂಗಿದ್ದು. ಇವರು ಹೋಗಿ ನೋಡಿದರೆ ಆ ಚಳಿಯಲ್ಲಿ ರವಿಕೆ ಹಿಂಡುವಷ್ಟು ಒದ್ದೆ. ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಹೊರಡಿಸಿದರು. ಅಲ್ಲಿ ಡ್ಯೂಟಿ ಡಾಕ್ಟರು ಬಂದು “ಏನಾಯ್ತಮ್ಮಾ?” ಅಂದರೆ ಗಿರಿಜತ್ತೆ ಸೆರಗು ಸರಿಮಾಡಿಕೊಂಡು ಹೇಳಿದ್ದು: “ಏನಿಲ್ಲ ಡಾಕ್ಟ್ರೇ, ಸ್ವಲ್ಪ ಗ್ಯಾಸು, ಅಷ್ಟೇ. ಇವರೆಲ್ಲ ಗಾಬರಿ ಮಾಡಿ ಕರ್ಕೊಂಡು ಬಂದ್ರು.”

“ನನಗೆ ಸರ್ವೀಸಿನಲ್ಲಿ ಇಷ್ಟು ಕೋಪ ಬಂದದ್ದಿಲ್ಲ ಮಾರಾಯ್ತಿ” ಅಂತ ಸುಮಿತ್ರಕ್ಕ. “ಆ ಡಾಕ್ಟರಿಗೆ ಆಗ ತಾನೇ ಒಂದು ಬೈಕ್ ಆಕ್ಸಿಡೆಂಟ್ ಬಂದಿದೆ, ಮಗುವೊಂದಕ್ಕೆ ಜ್ವರ ಏರಿ ಫಿಟ್ಸ್ ಬಂದಿದೆ. ಇವರು ಗ್ಯಾಸು ಅಂದ್ರೆ ಅವರು ಏನಂತ ತಿಳ್ಕೋಬೇಕು? ನಾನೇ ಮುಂದೆ ಹೋಗಿ ಹೇಳಿದೆ. ಸರ್, ಇವರಿಗೆ ಹದಿನೈದು ವರ್ಷದಿಂದ ಶುಗರ್ ಇದೆ, ನಾಲ್ಕು ಗಂಟೆಗೆ ಶುರುವಾಗಿದೆ, ಮೈಯೆಲ್ಲ ಬೆವರು, ದವಡೆಗೆ ಸೆಳೀತಿದೆ, ಒಂದು ಇ.ಸಿ.ಜಿ. ತೆಗೆದುಬಿಡಿ ಅಂತ. ಅವರೂ ಒಳ್ಳೆಯವರು, ತಕ್ಷಣ ತೆಗೆಸಿದರು.”

ಇ.ಸಿ.ಜಿ.ಯಲ್ಲಿ ಹಾರ್ಟ್ ಅಟ್ಯಾಕ್ ಕಾಣಿಸಿತು. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ಮಾಡಿರುವ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುವ ವ್ಯವಸ್ಥೆ, ಅದರಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ದುಡ್ಡಿಲ್ಲದೆ ಕೊಟ್ಟರು. ಆಮೇಲೆ ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿ ಸ್ಟೆಂಟ್ ಹಾಕಿಸಿದರು. ಗಿರಿಜತ್ತೆ ಉಳಿದರು.

ನಾನು ಅವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ಔಷಧಿ ಇತ್ತು, ಮಿಷನ್ ಇತ್ತು, ಡಾಕ್ಟರು ಇದ್ದರು. ಹೊತ್ತೂ ಮೀರಿರಲಿಲ್ಲ. ಅಡ್ಡ ನಿಂತದ್ದು ನಮ್ಮ ಹೆಂಗಸರ ಆ ಒಂದು ಅಭ್ಯಾಸ: ನಮ್ಮ ನೋವನ್ನು ನಾವೇ ಚಿಕ್ಕದು ಮಾಡಿ ಹೇಳುವುದು. ಗಂಡಸರೂ ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ತೋಟದಲ್ಲಿ ಕೆಲಸ ಮಾಡುವವರು ಎದೆ ಹಿಡಿದುಕೊಂಡರೂ “ಮರ ಹತ್ತಿದ್ದಕ್ಕೆ ಸೆಳೆತ” ಅನ್ನುತ್ತಾರೆ. ಆದರೆ ಹೆಂಗಸರಲ್ಲಿ ಇದು ಎದೆಹಾಲಿನ ಜೊತೆಗೇ ಬಂದದ್ದು. ಯಾರಿಗೂ ತೊಂದರೆ ಕೊಡಬಾರದು, ಮಗ ರಜೆ ಹಾಕುವ ಹಾಗಾಗಬಾರದು, ಡಾಕ್ಟರ ಹೊತ್ತು ಹಾಳು ಮಾಡಬಾರದು. ಅದರ ಮೇಲೆ ಹೆಂಗಸರಿಗೆ, ಶುಗರ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ಬೀಳುವ ರೂಪದಲ್ಲೇ ಬರಬೇಕೆಂದಿಲ್ಲ. ಸುಸ್ತು, ವಾಕರಿಕೆ, ಬೆನ್ನು ನೋವು, ದವಡೆ ನೋವು, ಉಸಿರು ಸಾಲದಿರುವುದು, ಇಷ್ಟರಲ್ಲೇ ಬಂದುಬಿಡುತ್ತದೆ. ಲಕ್ಷಣವೇ ಮೆತ್ತಗಿದ್ದು, ಹೇಳುವವರೂ ಮೆತ್ತಗೆ ಹೇಳಿದರೆ ಎದುರಿಗೆ ಇರುವವರಿಗೆ ಗೊತ್ತಾಗುವುದು ಹೇಗೆ?

“ಹಾಗಾದ್ರೆ ಏನು ಹೇಳ್ಬೇಕು ಸುಮಿತ್ರಕ್ಕ? ಡಾಕ್ಟರು ನಿಂತು ಕೇಳೋದೇ ಒಂದು ನಿಮಿಷ” ಅಂದೆ.

“ಒಂದು ನಿಮಿಷ ಬೇಕಾದಷ್ಟಾಯ್ತು” ಅಂದರು. “ಮೊದಲು ಯಾವಾಗ ಶುರುವಾಯ್ತು ಅನ್ನು. ನಿನ್ನೆಯಿಂದ, ಮೊನ್ನೆಯಿಂದ ಅಲ್ಲ, ಗಂಟೆ ಹೇಳು. ಆಮೇಲೆ ಎಲ್ಲಿ, ಹೇಗೆ. ಕಲ್ಲಿಟ್ಟ ಹಾಗೆ ಭಾರವೋ, ಚುಚ್ಚುತ್ತದೋ, ಉರಿಯೋ. ಎಲ್ಲಿಗೆ ಹೋಗ್ತದೆ. ಮುಂಚೆ ಹೀಗೆ ಆಗಿತ್ತೋ, ಇದೇ ಮೊದಲೋ. ಶುಗರ್, ಬಿ.ಪಿ., ಥೈರಾಯ್ಡ್ ಏನಿದೆ, ಯಾವ ಮಾತ್ರೆ ನುಂಗ್ತಿದ್ದೀಯ, ಯಾವುದು ಆಗಿಬರೋದಿಲ್ಲ. ಇದರಲ್ಲಿ ಗ್ಯಾಸು ಅನ್ನೋ ಮಾತೇ ಬೇಡ. ಗ್ಯಾಸೋ ಅಲ್ವೋ ಅಂತ ಹೇಳೋಕೆ ಅವರು ಅಷ್ಟು ವರ್ಷ ಓದಿರೋದು. ನೀನು ಮೈಯಲ್ಲಿ ಏನಾಗ್ತಿದೆ ಅದನ್ನ ಹೇಳು, ಕಾಯಿಲೆ ಹೆಸರು ಅವರು ಹೇಳ್ತಾರೆ.”

ಈ ಮಾತು ನನಗೆ ಬಹಳ ಹಿಡಿಸಿತು. ಎದೆಭಾರ ಅಂತ ಬಂದವರಿಗೆ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು ಅನ್ನುವುದು ಜಗತ್ತಿನ ಎಲ್ಲ ಕಡೆಯೂ ಒಪ್ಪಿರುವ ನಿಯಮ. ಆದರೆ ಆ ಹತ್ತು ನಿಮಿಷದ ಗಡಿಯಾರ ಓಡಬೇಕಾದರೆ ಎದೆಭಾರ ಅನ್ನುವ ಮಾತು ನಮ್ಮ ಬಾಯಿಂದ ಬರಬೇಕಲ್ಲ. ಮತ್ತೊಂದು ವಿಷಯ ಸುಮಿತ್ರಕ್ಕನೇ ಹೇಳಿದ್ದು: ಮೊದಲ ಇ.ಸಿ.ಜಿ. ಸರಿಯಾಗಿ ಬಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ನೋವು ಹಾಗೇ ಇದ್ದರೆ ಸ್ವಲ್ಪ ಹೊತ್ತಿಗೆ ಮತ್ತೊಂದು ತೆಗೆಯಬೇಕಾಗುತ್ತದೆ, ರಕ್ತದಲ್ಲಿ ಟ್ರೋಪೋನಿನ್ ನೋಡುವುದಾದರೆ ಅದನ್ನೂ ಕೆಲವು ಗಂಟೆಯ ಅಂತರದಲ್ಲಿ ಎರಡು ಸಲ ನೋಡುತ್ತಾರೆ. ಹಾಗಾಗಿ “ನೋವು ಇನ್ನೂ ಹಾಗೇ ಇದೆ, ಇನ್ನೊಂದು ಸಲ ನೋಡ್ತೀರಾ?” ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ಡಾಕ್ಟರಿಗೆ ಬೇಕಾದ ಸುದ್ದಿಯನ್ನೇ ನಾವು ಕೊಟ್ಟ ಹಾಗಾಯಿತು.

ಪಾರ್ಶ್ವವಾಯುವಿನ ವಿಷಯಕ್ಕೆ ಬಂದರೆ ಗಂಟೆ ಹೇಳುವುದು ಇನ್ನೂ ಮುಖ್ಯ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಕೈ ಎತ್ತಲಾಗಲಿಲ್ಲ, ಮಾತು ತೊದಲಿತು ಅಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ. ಅದೂ ಸಿ.ಟಿ. ಸ್ಕ್ಯಾನ್ ಮಾಡಿ ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಅಂತ ಖಚಿತವಾದ ಮೇಲೆ. ಬೆಳಿಗ್ಗೆ ಏಳುವಾಗಲೇ ಹಾಗಾಗಿದ್ದರೆ, ಎದ್ದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ, ಹಿಂದಿನ ರಾತ್ರಿ ಕೊನೆಗೆ ಸರಿಯಾಗಿ ಇದ್ದದ್ದು ಯಾವಾಗ ಅನ್ನುವುದೇ ಲೆಕ್ಕ. ಮನೆಯಲ್ಲಿ ಯಾರಾದರೂ ಅದನ್ನು ನೆನಪಿಟ್ಟು ಹೇಳಬೇಕು. ರೋಗಿಗೆ ಮಾತೇ ಹೊರಡದಿದ್ದಾಗ ಜೊತೆಗೆ ಹೋದವರೇ ಅವರ ಬಾಯಿ.

ಜೊತೆಗೆ ಹೋದವರು ಅಂದಾಗ ಇನ್ನೊಂದು ಹೇಳಬೇಕು. ರೋಗಿಗೆ ಬಾಯಿ ಇದ್ದಾಗಲೂ ಜೊತೆಗೆ ಹೋದವರೇ ಮಾತಾಡುತ್ತಾರೆ. ಅಮ್ಮನನ್ನು ಕೇಳಿದರೆ ಮಗ ಉತ್ತರ ಕೊಡುತ್ತಾನೆ. ಹೆಂಡತಿಯನ್ನು ಕೇಳಿದರೆ ಗಂಡ. “ನಿನ್ನೆ ಮದುವೆ ಮನೇಲಿ ಊಟ ಜಾಸ್ತಿ ಆಯ್ತು ಡಾಕ್ಟ್ರೇ” ಅಂತ ಮಗ ಅಂದುಬಿಟ್ಟರೆ ಅಮ್ಮ ಮತ್ತೆ ಬಾಯಿ ಬಿಡುವುದಿಲ್ಲ. ಸುಮಿತ್ರಕ್ಕ ಡ್ಯೂಟಿಯಲ್ಲಿದ್ದಾಗ ಒಂದು ಉಪಾಯ ಮಾಡುತ್ತಿದ್ದರಂತೆ. ಬಿ.ಪಿ. ನೋಡುವ ನೆಪದಲ್ಲಿ ಮಗನನ್ನು “ಹೋಗಿ ಚೀಟಿ ಮಾಡಿಸ್ಕೊಂಡು ಬಾಪ್ಪಾ” ಅಂತ ಕೌಂಟರಿಗೆ ಅಟ್ಟಿ, ಪರದೆ ಎಳೆದು, “ಈಗ ಹೇಳಿ ಅಮ್ಮ” ಅನ್ನುತ್ತಿದ್ದರು. ಆಗ ಬರುತ್ತಿತ್ತಂತೆ ನಿಜವಾದ ವಿಷಯ. ತಿಂಗಳಿಂದ ರಕ್ತ ಹೋಗುತ್ತಿರುವುದು, ಎದೆಯಲ್ಲಿ ಗಂಟು, ಗಂಡ ಹೊಡೆದದ್ದು.

ಒಪ್ಪಿಗೆಯ ವಿಷಯವೂ ಹಾಗೇ. ದೆಹಲಿಯಲ್ಲಿ 1995ರಲ್ಲಿ ಒಬ್ಬ ಮಹಿಳೆ ರಕ್ತಸ್ರಾವಕ್ಕೆ ಕಾರಣ ಏನೆಂದು ಪರೀಕ್ಷೆ ಮಾಡಿಸಲು ಹೋದರು. ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ಆ ಮಹಿಳೆ ಬಿಡದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 2008ರಲ್ಲಿ ಕೋರ್ಟು ಹೇಳಿತು: ರೋಗಿ ವಯಸ್ಕರಾಗಿದ್ದು, ಬುದ್ಧಿ ಸ್ವಾಧೀನದಲ್ಲಿದ್ದು, ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ ಅವರ ಪರವಾಗಿ ಬೇರೆಯವರು ಒಪ್ಪಿಗೆ ಕೊಡಲಾಗದು, ತಾಯಿಯಾದರೂ ಸರಿ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆ ಆಗದು. ಈ ತೀರ್ಪು ನಮ್ಮ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರಬೇಕು. ಕ್ಯಾಶುಯಲ್ಟಿಯಲ್ಲಿ ಫಾರಂ ಮುಂದೆ ಹಿಡಿದು ಸಹಿ ಹಾಕಿ ಅಂದಾಗ, “ಇದರಲ್ಲಿ ಏನಿದೆ, ಕನ್ನಡದಲ್ಲಿ ಹೇಳಿ” ಅಂತ ಕೇಳುವ ಹಕ್ಕು ಮಂಚದ ಮೇಲೆ ಮಲಗಿದವರದ್ದು. ಜೀವ ಹೋಗುವ ಗಳಿಗೆಯಲ್ಲಿ ಅದನ್ನು ಹಿಡಿದು ಕೂರಬಾರದು, ನಿಜ. ಆದರೆ ಎಲ್ಲ ಸಹಿಯೂ ಅಂಥ ಗಳಿಗೆಯದ್ದಲ್ಲ.

ಇಷ್ಟೆಲ್ಲ ಮಾತಾಡುವಾಗ ನನ್ನ ಮನಸ್ಸಿಗೆ ಬರುವುದು ಬೆಳಗಾವಿಯ ಸವಿತಾ. ಮರೆತಿರಲಿಕ್ಕಿಲ್ಲ ನೀವು, ಸವಿತಾ ಹಾಲಪ್ಪನವರ. ಓದಿದ ಹೆಣ್ಣುಮಗಳು, ಸ್ವತಃ ದಂತವೈದ್ಯೆ, ವಯಸ್ಸು 31. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 17 ವಾರದ ಬಸುರಿ. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಅಲ್ಲಿನ ಆಸ್ಪತ್ರೆಗೆ ಹೋದರು. ನೋಡಿ ಮನೆಗೆ ಕಳಿಸಿದರು. ಅದೇ ದಿನ ಮತ್ತೆ ಹೋದರು. ಗರ್ಭ ಉಳಿಯುವುದಿಲ್ಲ ಅಂತ ಡಾಕ್ಟರೇ ಹೇಳಿದರು. ಉಳಿಯುವುದಿಲ್ಲವಾದರೆ ತೆಗೆದುಬಿಡಿ ಅಂತ ಸವಿತಾ ಬಾಯಿಬಿಟ್ಟು ಕೇಳಿದರು. ಮಗುವಿನ ಎದೆಬಡಿತ ಇರುವವರೆಗೆ ಆಗುವುದಿಲ್ಲ, ಇಲ್ಲಿನ ಕಾನೂನು ಬಿಡುವುದಿಲ್ಲ ಅಂದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ರಂದು ತೀರಿಕೊಂಡರು.

ಮರುವರ್ಷ ಅಲ್ಲಿನ ಆರೋಗ್ಯ ಸೇವೆಯ ಗುಣಮಟ್ಟ ನೋಡುವ ಸಂಸ್ಥೆ ತನಿಖೆ ಮಾಡಿ ವರದಿ ಕೊಟ್ಟಿತು. ಆಕೆಯನ್ನು ಉಳಿಸಿಕೊಳ್ಳಬಹುದಾಗಿದ್ದ 13 ಸಂದರ್ಭಗಳು ಕೈತಪ್ಪಿದ್ದವು ಅಂತ ಅದರಲ್ಲಿದೆ. ಸೇರಿಸಿಕೊಂಡ ದಿನ ತೆಗೆದ ರಕ್ತದಲ್ಲಿ ಬಿಳಿರಕ್ತಕಣ ಏರಿದ್ದನ್ನು ಯಾರೂ ಹಿಂಬಾಲಿಸಿ ನೋಡಿರಲಿಲ್ಲ. ನಾಡಿ, ಬಿ.ಪಿ., ಜ್ವರ ನೋಡಬೇಕಾದ ಹೊತ್ತಿಗೆ ನೋಡಿರಲಿಲ್ಲ.

“ನರ್ಸಾಗಿ ನನಗೆ ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ” ಅಂತ ಸುಮಿತ್ರಕ್ಕ. “ಕಾನೂನು ನಮ್ಮ ಕೈಲಿಲ್ಲ. ಥರ್ಮಾಮೀಟರ್ ನಮ್ಮ ಕೈಲಿತ್ತಲ್ಲ! ನಂಜು ಏರುವಾಗ ಮೊದಲು ಓಡೋದು ನಾಡಿ. ಆಮೇಲೆ ಉಸಿರು. ಬಿ.ಪಿ. ಇಳಿಯೋದು ಕೊನೆಗೆ. ನಾಲ್ಕು ಗಂಟೆಗೊಮ್ಮೆ ಬರೆದಿಟ್ಟ ಹಾಳೆ ಒಂದು ಎದುರಿಗಿದ್ದಿದ್ರೆ ಕುರುಡರಿಗೂ ಕಾಣ್ತಿತ್ತು.”

ಸವಿತಾ ಸುಮ್ಮನಿದ್ದವರಲ್ಲ. ಕೇಳಿದವರು, ಮತ್ತೆ ಮತ್ತೆ ಕೇಳಿದವರು. ಕೇಳಿದ್ದೂ ಸಾಲಲಿಲ್ಲ. ಇದನ್ನು ಮರೆತು, ಎಲ್ಲ ರೋಗಿಗಳ ಬಾಯಲ್ಲೇ ಇದೆ ಅಂತ ನಾನು ಹೇಳಿದರೆ ಅದು ಆ ಹುಡುಗಿಗೆ ಮಾಡುವ ಅನ್ಯಾಯ. ಆಕೆಯ ಸಾವಿನ ನಂತರ ಐರ್ಲೆಂಡಿನಲ್ಲಿ 2013ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು. 2018ರ ಮೇ ತಿಂಗಳಲ್ಲಿ ಆ ದೇಶದ ಜನ ಮತ ಹಾಕಿ ಗರ್ಭಪಾತ ತಡೆದಿದ್ದ ಸಂವಿಧಾನದ ತಿದ್ದುಪಡಿಯನ್ನೇ ತೆಗೆದುಹಾಕಿದರು. ಬೆಳಗಾವಿಯಲ್ಲಿದ್ದ ಆಕೆಯ ತಂದೆ ತಾಯಿ ಮಗಳ ಹೆಸರಿನಲ್ಲಿ ಅದಕ್ಕಾಗಿ ಕೇಳಿಕೊಂಡಿದ್ದರು.

ಇಂಗ್ಲೆಂಡಿನಲ್ಲಿ ಇನ್ನೊಂದು ಮಗುವಿನ ಕತೆ. ಮಾರ್ಥಾ ಮಿಲ್ಸ್ ಅಂತ, 13 ವರ್ಷ. ಸೈಕಲ್ಲಿನಿಂದ ಬಿದ್ದು ಹೊಟ್ಟೆಯೊಳಗೆ ಮೇದೋಜ್ಜೀರಕ ಗ್ರಂಥಿಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ನಂಜೇರಿತು. ಅಪ್ಪ ಅಮ್ಮ ಮಗಳು ಹದಗೆಡುತ್ತಿದ್ದಾಳೆ ಅಂತ ಹೇಳುತ್ತಲೇ ಇದ್ದರು, ಹೊತ್ತಿಗೆ ಸರಿಯಾಗಿ ಐ.ಸಿ.ಯು.ಗೆ ಹಾಕಲಿಲ್ಲ. 2021ರಲ್ಲಿ ಹೋದಳು. ಅವಳ ತಾಯಿ ಹಟ ಹಿಡಿದು ಹೋರಾಡಿದ್ದರಿಂದ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮಾರ್ಥಾ ಹೆಸರಿನ ನಿಯಮ ಹಂತಹಂತವಾಗಿ ಬಂತು. ರೋಗಿಯೋ ಮನೆಯವರೋ ಸ್ಥಿತಿ ಕೆಡುತ್ತಿದೆ ಅಂತ ಅನಿಸಿದರೆ ವಾರ್ಡಿನವರನ್ನು ದಾಟಿ ಬೇರೊಂದು ತುರ್ತು ತಂಡವನ್ನು ನೇರ ಕರೆಸಿ ನೋಡಿಸಿಕೊಳ್ಳಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಯಾನ್ ಅನ್ನುವ ಪುಟ್ಟ ಹುಡುಗನ ಹೆಸರಿನಲ್ಲಿ ಅದಕ್ಕೂ ಮುಂಚೆಯೇ ಇಂಥದ್ದೇ ನಿಯಮ ಬಂದಿದೆ. ನಮ್ಮ ಆಸ್ಪತ್ರೆಗಳಲ್ಲೂ ಇಂಥ ಒಂದು ಬೋರ್ಡು, ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಇರಬೇಕು ಅನ್ನುವುದು ನನ್ನ ಆಸೆ. ನಮ್ಮ ಡಾಕ್ಟರುಗಳ ಮೇಲಿನ ಹೊರೆ ಎಷ್ಟು ಅಂತ ಗೊತ್ತಿದ್ದೂ ಹೇಳುತ್ತೇನೆ. ಹೊರೆ ಹೆಚ್ಚಿರುವ ಕಡೆಯೇ ಇನ್ನೊಂದು ಜೊತೆ ಕಣ್ಣು ಬೇಕಾಗುವುದು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಆಕ್ಸಿಡೆಂಟ್ ಆಗಿ ಬಂದವರನ್ನು ಪೊಲೀಸ್ ಕೇಸು ಅಂತ ಮುಟ್ಟದೆ ಬೇರೆ ಆಸ್ಪತ್ರೆಗೆ ಅಟ್ಟುತ್ತಿದ್ದ ಕಾಲ ಒಂದಿತ್ತು. ಪರಮಾನಂದ ಕಟಾರಾ ಅನ್ನುವವರು ಹಾಕಿದ ಅರ್ಜಿಯ ಮೇಲೆ 1989ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿಯೋ ಖಾಸಗಿಯೋ, ಯಾವ ಡಾಕ್ಟರೇ ಆಗಲಿ ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ ಅಂತ ಖಡಾಖಂಡಿತವಾಗಿ ಹೇಳಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ತುರ್ತಿನಲ್ಲಿ ಬಂದವರಿಗೆ ಅಡ್ವಾನ್ಸ್ ಕಟ್ಟಿ ಅಂತ ಕೂರದೆ ಚಿಕಿತ್ಸೆ ಶುರುಮಾಡಬೇಕು ಅನ್ನುವುದು ಅದರಲ್ಲಿದೆ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ತಂದವರನ್ನು ಹೆಸರು ವಿಳಾಸ ಕೊಡಿ ಅಂತ ಬಲವಂತ ಮಾಡುವ ಹಾಗಿಲ್ಲ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ. 108 ಬಂದದ್ದು 2008ರ ರಾಜ್ಯೋತ್ಸವದ ದಿನ, ಅದು ಎಲ್ಲರಿಗೂ ಗೊತ್ತು. ಉಳಿದವು ಗೊತ್ತಿಲ್ಲ.

“ಕಾನೂನು ಹೇಳಿದ್ರೆ ಡಾಕ್ಟರು ಬೇಜಾರು ಮಾಡ್ಕೊಳ್ಳೋಲ್ವಾ?” ಅಂತ ಕೇಳಿದೆ.

ಸುಮಿತ್ರಕ್ಕ ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟರು. “ಹೇಳೋ ರೀತಿ ಇದೆ ಮಾರಾಯ್ತಿ. ಹತ್ತು ಜನ ಗುಂಪಾಗಿ ನುಗ್ಗಿ, ಮೊಬೈಲ್ ಹಿಡಿದು ವಿಡಿಯೋ ಮಾಡ್ತಾ, ಏ ಅಂತ ಕೂಗಿದ್ರೆ ಇಂಜೆಕ್ಷನ್ ಕೊಡೋ ಹುಡುಗಿಯ ಕೈ ನಡುಗ್ತದೆ. ನಾನು ಹೊಡೆತ ತಿಂದ ಹೌಸ್ ಸರ್ಜನ್‌ಗಳನ್ನ ನೋಡಿದ್ದೇನೆ. ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷದ ಮಕ್ಕಳು, ರಾತ್ರಿಯೆಲ್ಲ ನಿಂತಿರ್ತಾವೆ. ಅದಕ್ಕೇ ಈ ರಾಜ್ಯದಲ್ಲಿ 2009ರಲ್ಲಿ ಬೇರೆ ಕಾಯ್ದೆಯೇ ಮಾಡಬೇಕಾಯ್ತು. ಕೂಗಾಡೋದು ಬೇಡ. ಒಬ್ಬರೇ ಹೋಗಿ, ಅವರ ಹೆಸರು ಹಿಡಿದು, ಡಾಕ್ಟ್ರೇ, ಅರ್ಧ ಗಂಟೆ ಹಿಂದೆ ಮಾತಾಡ್ತಿದ್ರು, ಈಗ ಕೂಗಿದ್ರೆ ಓಗೊಡ್ತಿಲ್ಲ, ಬಂದು ನೋಡಿ ಅಂತ ಹೇಳು. ಅರ್ಧ ಗಂಟೇಲಿ ಏನು ಬದಲಾಯ್ತು ಅಂತ ಹೇಳಿದ್ರೆ ಯಾವ ಡಾಕ್ಟರೂ ಕೂರೋದಿಲ್ಲ.”

ಕಾಯಿಸುತ್ತಾರೆ ಅನ್ನುವ ದೂರಿಗೂ ಅವರಲ್ಲಿ ಉತ್ತರವಿತ್ತು. ತುರ್ತು ವಿಭಾಗದಲ್ಲಿ ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಇಲ್ಲ. ಬಂದವರನ್ನೆಲ್ಲ ನೋಡಿ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ಕೆಂಪು ಅಂದರೆ ಈ ಕ್ಷಣ. ಹಸಿರಿನವರು ಕಾಯಬೇಕು, ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಹಸಿರು ಅಂತ ಕೂರಿಸಿದವರು ಬೆಂಚಿನ ಮೇಲೇ ಕೆಂಪಾಗಬಹುದು. ಆ ಬದಲಾವಣೆ ಮೊದಲು ಗೊತ್ತಾಗುವುದು ಅವರಿಗೇ. ಒಂದು ಸಲ ಹೇಳಿ ಆಯಿತು, ಮತ್ತೆ ಹೇಳಿದರೆ ಏನಂದುಕೊಳ್ಳುತ್ತಾರೋ ಅಂತ ಹಲ್ಲು ಕಚ್ಚಿ ಕೂರುವುದು ಇದೆಯಲ್ಲ, ಅದನ್ನು ಬಿಡಬೇಕು.

ನಮ್ಮ ಮಲೆನಾಡಿನವರಿಗೆ ಹಾವಿನ ವಿಷಯ ಹೇಳದೆ ಮುಗಿಯುವುದಿಲ್ಲ. ಕಟ್ಟುಹಾವು ರಾತ್ರಿ ಹಾಸಿಗೆಗೆ ಬಂದು ಕಚ್ಚಿದರೆ ಊತ ಇರುವುದಿಲ್ಲ, ನೋವೂ ಅಷ್ಟಕ್ಕಷ್ಟೇ, ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಅಂತ ಏಳುತ್ತಾರೆ. ರೆಪ್ಪೆ ಜೋತು ಬೀಳುತ್ತದೆ, ನುಂಗಲಾಗುವುದಿಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆನೋವು ಅಂತಷ್ಟೇ ಹೇಳಿದರೆ ಹೊಟ್ಟೆನೋವಿನ ಔಷಧಿಯೇ ಸಿಗುವುದು. “ರಾತ್ರಿ ನೆಲದ ಮೇಲೆ ಮಲಗಿದ್ದೆ, ಕಣ್ಣು ಬಿಡೋಕೆ ಆಗ್ತಿಲ್ಲ” ಅನ್ನುವ ಎರಡು ಮಾತು ಸೇರಿಸಿದರೆ ಡಾಕ್ಟರ ತಲೆ ಬೇರೆ ಕಡೆ ಓಡುತ್ತದೆ. ಕೊಳಕುಮಂಡಲ ಕಚ್ಚಿದ ಅನುಮಾನವಿದ್ದರೆ ಏನು ಮಾಡುತ್ತಾರೆ ಅಂತ ಸುಮಿತ್ರಕ್ಕ ಕೈಯಲ್ಲೇ ತೋರಿಸಿದರು. ಒಣಗಿದ ಶುಭ್ರವಾದ ಗಾಜಿನ ಟ್ಯೂಬಿನಲ್ಲಿ 2 ಎಂ.ಎಲ್. ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಆಮೇಲೆ ಮೆಲ್ಲಗೆ ವಾಲಿಸಿ ನೋಡುವುದು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆ ಅಂತಲೇ. ಬೆರಳುದ್ದದ ಟ್ಯೂಬು, ದೊಡ್ಡ ಲ್ಯಾಬೇ ಬೇಡ. ಆದರೆ ನಾಟಿ ಔಷಧಿ ಕುಡಿಸಿ, ಬಿಗಿಯಾಗಿ ಹಗ್ಗ ಕಟ್ಟಿ, ನಾಲ್ಕು ಗಂಟೆ ಕಳೆದು ಬಂದು, ಬೈದಾರು ಅಂತ ಅದನ್ನೆಲ್ಲ ಮುಚ್ಚಿಡುವವರಿದ್ದಾರೆ. ಮುಚ್ಚಿಡಬಾರದು. ಬೈದರೆ ಬೈಸಿಕೊಳ್ಳೋಣ. ಹಾವು ಕಡಿತವನ್ನು 2024ರಿಂದ ಕರ್ನಾಟಕದಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಎಷ್ಟು ಜನ ಎಲ್ಲಿ ಸಾಯುತ್ತಿದ್ದಾರೆ ಅಂತ ಲೆಕ್ಕವಾದರೂ ಸಿಕ್ಕಿ, ಔಷಧಿ ಹಳ್ಳಿಯ ಹತ್ತಿರಕ್ಕೆ ಬರಲಿ.

ಮಾತ್ರೆಗಳ ವಿಷಯದಲ್ಲಿ ಸುಮಿತ್ರಕ್ಕನದು ಒಂದೇ ಪಟ್ಟು. “ಬಿಳಿ ಮಾತ್ರೆ ಒಂದು, ಗುಲಾಬಿ ಮಾತ್ರೆ ಅರ್ಧ ಅಂತ ಹೇಳಬೇಡಿ, ಕೈ ಮುಗೀತೇನೆ” ಅನ್ನುತ್ತಾರೆ. ಒಂದು ಚೀಟಿಯಲ್ಲಿ ಹೆಸರು, ಎಷ್ಟು ಎಂ.ಜಿ., ಯಾವ ಹೊತ್ತಿಗೆ ಅಂತ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದೂ ಆಗದಿದ್ದರೆ ಮಾತ್ರೆಯ ಶೀಟುಗಳನ್ನೇ ಒಂದು ಕವರಿನಲ್ಲಿ ಹಾಕಿ ಒಯ್ಯುವುದು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ತಲೆಗೆ ಪೆಟ್ಟು ಬಿದ್ದು ಹೋದರೆ ಅದನ್ನು ಮೊದಲೇ ಹೇಳಬೇಕು. ಪೆಟ್ಟು ಚಿಕ್ಕದಾಗಿ ಕಂಡರೂ ಒಳಗೆ ರಕ್ತ ನಿಲ್ಲದೆ ಇರಬಹುದು, ಸ್ಕ್ಯಾನ್ ಮಾಡಬೇಕೋ ಬೇಡವೋ ಅನ್ನುವ ತೀರ್ಮಾನವೇ ಅದರಿಂದ ಬದಲಾಗುತ್ತದೆ. ಪೆನ್ಸಿಲಿನ್ ಆಗದವರು, ಹಿಂದೆ ಯಾವುದೋ ಇಂಜೆಕ್ಷನ್ನಿಗೆ ಮೈಯೆಲ್ಲ ಗಂಧೆ ಎದ್ದವರು, ಸೂಜಿ ಹಿಡಿದು ಬಂದವರಿಗೆಲ್ಲ ಪ್ರತಿ ಸಲ ಹೇಳಬೇಕು. ಕೇಸ್ ಶೀಟಿನಲ್ಲಿ ಬರೆದಿದ್ದಾರೆ ಬಿಡಿ ಅಂತ ಸುಮ್ಮನಾಗಬಾರದು. ಡ್ಯೂಟಿ ಬದಲಾಗುವ ಹೊತ್ತಿನಲ್ಲಂತೂ ಇನ್ನೂ ಎಚ್ಚರ ಬೇಕು. ಹೋಗುವವರು ಬರುವವರಿಗೆ ಹೇಳಿ ಹೋಗುತ್ತಾರೆ, ಆದರೆ ಇಪ್ಪತ್ತು ಮಂಚದ ಸುದ್ದಿಯಲ್ಲಿ ನಮ್ಮದೊಂದು ಎಳೆ ತಪ್ಪಿಹೋಗಬಹುದು. ಹೊಸ ಸಿಸ್ಟರ್ ಬಂದ ಕೂಡಲೇ ನಾವೇ ಎರಡು ಮಾತಿನಲ್ಲಿ ಹೇಳಿಬಿಟ್ಟರೆ ಅವರಿಗೂ ಉಪಕಾರ.

ಮನೆಗೆ ಹೋಗಿ ಅಂದಾಗ ನಮಗೆ ಎಷ್ಟು ಖುಷಿಯಾಗುತ್ತದೆಂದರೆ ಏನೂ ಕೇಳದೆ ಎದ್ದು ಬರುತ್ತೇವೆ. ಅಲ್ಲೇ ನಿಂತು ಕೇಳಬೇಕಾದ್ದು ಇದೆ. ಏನಿರಬಹುದು ಅಂತ ನಿಮ್ಮ ಅನುಮಾನ? ಏನಲ್ಲ ಅಂತ ಖಚಿತವಾಯಿತು? ಮನೆಯಲ್ಲಿ ಏನು ಕಂಡರೆ ತಿರುಗಿ ಬರಬೇಕು? ಕೊನೆಯದನ್ನಂತೂ ಬಿಡಲೇಬಾರದು. ಜೊತೆಗೆ ಇ.ಸಿ.ಜಿ., ರಕ್ತ ಪರೀಕ್ಷೆ, ಬರೆದ ಚೀಟಿ ಎಲ್ಲದರ ಪ್ರತಿ ಕೇಳಿ ತೆಗೆದುಕೊಳ್ಳಬೇಕು. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಮುಂದೊಂದು ದಿನ ಎದೆ ಭಾರವಾದಾಗ ಹೊಸ ಇ.ಸಿ.ಜಿ.ಯ ಪಕ್ಕ ಹಳೆಯದನ್ನು ಇಟ್ಟು ನೋಡಿದರೆ, ಬದಲಾವಣೆ ಹೊಸದೋ ಮೊದಲೇ ಇತ್ತೋ ಅನ್ನುವುದು ಡಾಕ್ಟರಿಗೆ ನಿಮಿಷದಲ್ಲಿ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ಸಾಕು. ಆ ಫೋಟೋ ಮಗನ ಮೊಬೈಲಿನಲ್ಲಿ ಬೆಂಗಳೂರಿನಲ್ಲಿದ್ದರೆ ಪ್ರಯೋಜನವಿಲ್ಲ, ಯಾರ ಎದೆಯದೋ ಅವರ ಮೊಬೈಲಿನಲ್ಲೇ ಇರಬೇಕು.

“ಮನೆಗೆ ಬಂದ ಮೇಲೆ ಮತ್ತೆ ಶುರುವಾದ್ರೆ?” ಅಂದೆ. “ಬೆಳಿಗ್ಗೆ ಹೋಗಿದ್ದೆ, ಏನಿಲ್ಲ ಅಂದ್ರು, ರಾತ್ರಿ ಮತ್ತೆ ಅದೇ ಡಾಕ್ಟರ ಮುಂದೆ ಹೋಗಿ ನಿಲ್ಲೋಕೆ ನಾಚಿಕೆ ಆಗಲ್ವಾ?”

“ಯಾಕೆ ನಾಚಿಕೆ? ಹೋಗ್ಬೇಕು, ಅದೇ ರಾತ್ರಿ ಹೋಗ್ಬೇಕು” ಅಂದರು ಸುಮಿತ್ರಕ್ಕ. “ಹೋಗಿ, ಬೆಳಿಗ್ಗೆ ಇಷ್ಟು ಹೊತ್ತಿಗೆ ಬಂದಿದ್ದೆ, ಇದು ಕೊಟ್ರು, ಈಗ ಜಾಸ್ತಿ ಆಗಿದೆ ಅಂತ ಚೀಟಿ ಮುಂದಿಡು. ಒಂದೇ ದಿನ ಎರಡನೇ ಸಲ ಬಂದವರನ್ನ ಕಂಡ್ರೆ ಒಳ್ಳೆ ಡಾಕ್ಟರು ಕುರ್ಚಿ ಬಿಟ್ಟು ಏಳ್ತಾರೆ. ಮೊದಲ ಸಲ ನಮ್ಮ ಕಣ್ಣಿಗೆ ಏನೋ ತಪ್ಪಿದೆ ಅಂತ ಅವರಿಗೆ ಗೊತ್ತಿರ್ತದೆ. ನನ್ನ ಟೇಬಲ್ಲಿಗೆ ಅಂಥವರು ಬಂದ್ರೆ ನಾನು ಡಾಕ್ಟರನ್ನ ಕರೆಯೋ ಮೊದಲೇ ಇ.ಸಿ.ಜಿ. ಮಿಷನ್ ಎಳ್ಕೊಂಡು ಬರ್ತಿದ್ದೆ.”